ಎರಡು ವಾರದ ಮೇವು

ಮೂಟೆ ಸಾಹೇಬರನ್ನು ಸೋಮಾರಿ ಎಂದರೆ ಸೋಮಾರಿಗಳು ಬೇಜಾರು ಮಾಡಿಕೊಂಡಾರು. ಸೋಮಾರಿಗಳು ಕೆಲಸ ಮಾಡುವುದಿಲ್ಲ, ಅಷ್ಟೆ. ಸಾಹೇಬರು ಕೆಲಸ ಮಾಡದೆ ಕೂತು, ಮಾಡಿದೆ ಎಂದು ವರದಿ ಒಪ್ಪಿಸಿ, ಆಮೇಲೆ ಆ ವರದಿಯನ್ನು ತಾವೇ ನಂಬಿಬಿಡುತ್ತಿದ್ದರು.

ದನದ ಮೇವು ಮಾರುವ ಕಂಪನಿಯೊಂದರಲ್ಲಿ ಅವರು ಹಂಗಾಮಿ ನೌಕರ. ಹೆಗಲ ಮೇಲೆ ಮೂಟೆ ಹೊತ್ತು ಮನೆಮನೆ ತಿರುಗುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ಅದರಲ್ಲಿ "ಸಾಹೇಬ" ಎಂಬ ಅರ್ಧವನ್ನು ಮಾತ್ರ ಅವರು ಕೇಳಿಸಿಕೊಳ್ಳುತ್ತಿದ್ದರು. ಕೆಲಸ ಕಾಯಂ ಮಾಡಿ ಎಂದು ವರ್ಷಗಟ್ಟಲೆ ಅಂಗಲಾಚಿದ ಮೇಲೆ ಮ್ಯಾನೇಜರು ಎಲ್ಲ ಹಂಗಾಮಿಗಳಿಗೂ ಒಂದು ಪರೀಕ್ಷೆ ಒಡ್ಡಿದ್ದರು. ಕಂಪನಿ ಹೊಸದಾಗಿ ತಂದ ಕಾಳಿನ ಮೇವನ್ನು ಅವರವರ ಮನೆಯ ಹಸುವಿಗೇ ಎರಡು ವಾರ ತಿನ್ನಿಸಬೇಕು. ಮೊದಲು ಒಂದು ಹಿಡಿ, ಮರುದಿನ ಇನ್ನೊಂದು ಹಿಡಿ ಜಾಸ್ತಿ, ಜೊತೆಗೆ ಒಣಹುಲ್ಲು ಎಂದಿನಂತೆ. ಆಮೇಲೆ ಮ್ಯಾನೇಜರು ಬಂದು ನೋಡುತ್ತಾರೆ. ಹಸು ಮೈ ತುಂಬಿಕೊಂಡಿದ್ದರೆ ಕೆಲಸ ಕಾಯಂ. ಇಲ್ಲದಿದ್ದರೆ ಮೂಟೆ ಹೊರಲು ಕಂಪನಿ ಬೇರೆ ಹೆಗಲು ಹುಡುಕಿಕೊಳ್ಳುತ್ತದೆ.

ಸಾಹೇಬರು ಕಂಪನಿ ಕೊಟ್ಟ ಮೂಟೆಯನ್ನು ಮಂಚದ ಕೆಳಗೆ ತಳ್ಳಿದರು. ದಿನಾ ಸಂಜೆ ಫೋನಿನಲ್ಲಿ "ಚೆನ್ನಾಗಿ ತಿಂತಿದೆ ಸಾರ್" ಎಂದು ಒಪ್ಪಿಸಿದರು. ನಾಳೆಯಿಂದ ಶುರು ಮಾಡಿದರಾಯಿತು ಎಂದು ಎರಡು ವಾರವೂ ಅಂದುಕೊಂಡರು. ಮ್ಯಾನೇಜರು ನಾಳೆ ಬರುತ್ತೇನೆ ಎಂದಾಗಲೇ ಮಂಚದ ಕೆಳಗಿನದು ಹೊರಗೆ ಬಂದದ್ದು. ಹಸು ಹೆಂಡತಿಯದು, ಅದರ ಹಾಲು ಮಾರಿಯೇ ಅವಳು ಮನೆ ನಡೆಸುತ್ತಿದ್ದಳು. ಆದರೆ ಅವಳು ಅಕ್ಕನ ಮನೆಗೆ ಹೋಗಿದ್ದಳು, ಬೇಡ ಎನ್ನುವವರು ಯಾರೂ ಇರಲಿಲ್ಲ. ಎರಡು ವಾರದ್ದನ್ನು ಒಂದೇ ಸಲ ಹಾಕಿದರೂ ಲೆಕ್ಕ ಒಂದೇ ಅಲ್ಲವೇ ಎಂದುಕೊಂಡು ಸಾಹೇಬರು ಇಡೀ ಮೂಟೆಯನ್ನು ಗೋದಲಿಗೆ ಸುರಿದರು. ಹುಲ್ಲು ತಿಂದು ಹೊಟ್ಟೆಯ ಜಾಗ ದಂಡ ಮಾಡಿಕೊಂಡೀತೆಂದು ಹುಲ್ಲನ್ನು ದೂರ ಸರಿಸಿದರು. ಆಮೇಲೆ ಹೋಗಿ ನೆಮ್ಮದಿಯಾಗಿ ಮಲಗಿದರು.

ಬೆಳಿಗ್ಗೆ ಕೊಟ್ಟಿಗೆಗೆ ಬಂದು ನೋಡಿದರೆ ಗೋದಲಿ ಖಾಲಿ. ಹಸುವಿನ ಎಡಪಕ್ಕೆ ಒಳಗೊಂದು ಕೊಡ ಬಚ್ಚಿಟ್ಟ ಹಾಗೆ ಉಬ್ಬಿ ನಿಂತಿತ್ತು. ಸಾಹೇಬರಿಗೆ ಮೊದಲು ಆದದ್ದು ಸಂತೋಷ. ಒಂದೇ ರಾತ್ರಿಯಲ್ಲಿ ಮೈ ತುಂಬಿದೆಯಲ್ಲ, ಕಂಪನಿಯವರು ಸುಮ್ಮನೆ ಎರಡು ವಾರ ಅನ್ನುತ್ತಾರೆ ಎಂದುಕೊಂಡು ಪಕ್ಕೆ ತಟ್ಟಿದರು. ಅದು ಡೊಳ್ಳಿನ ಹಾಗೆ ಢಂ ಅಂದಿತು. ಹಸು ಕತ್ತು ಚಾಚಿ, ಕಾಲು ಅಗಲಿಸಿ, ನರಳಿತು. ಬಾಯಿ ಆಡುತ್ತಿರಲಿಲ್ಲ, ಮೆಲುಕು ನಿಂತುಹೋಗಿತ್ತು. ಆಗ ಸಾಹೇಬರಿಗೆ ಹೆದರಿಕೆ ಹತ್ತಿತು. ಪಾಪ, ಹಸುವಿನ ಮೇಲಿನ ಕರುಣೆಯಿಂದಲ್ಲ. ಮ್ಯಾನೇಜರು ಮಧ್ಯಾಹ್ನ ಬರುವವರಿದ್ದರು.

ಆ ಬೀದಿಯಲ್ಲಿ ಮನೆಗೊಂದು ಹಸು, ಮನೆಗಿಬ್ಬರು ತಜ್ಞರು. ನರಳಾಟ ಕೇಳಿ ಮೊದಲು ಬಂದವರು ಪಕ್ಕದ ಮನೆಯ ಕಂಡಕ್ಟರು. ನಿವೃತ್ತರಾಗಿ ಬಹಳ ದಿನವಾದರೂ ಯಾರನ್ನು ಕಂಡರೂ ಹಿಂದಿನಿಂದ ನೂಕುವ ಅಭ್ಯಾಸ ಹೋಗಿರಲಿಲ್ಲ. ಅವರ ಮನೆಯಲ್ಲಿ ಹಸು ಸಾಕುವವಳು ಹೆಂಡತಿ, ಅಭಿಪ್ರಾಯ ಸಾಕುವವರು ಇವರು. ಒಳಗೆ ಗಾಳಿ ಸಿಕ್ಕಿಕೊಂಡಿದೆ, ಉಜ್ಜಿ ಮುಂದೆ ಸಾಗಿಸಬೇಕು ಎಂದು ತೋಳು ಮಡಚಿ ಉಜ್ಜಲು ನಿಂತರು. ಬೆವರು ಸುರಿಯುವ ತನಕ ಉಜ್ಜಿದರು. ಉಬ್ಬಿದ್ದು ಎಡಗಡೆ, ಅವರು ಉಜ್ಜಿದ್ದು ಬಲಗಡೆ.

ಅಷ್ಟರಲ್ಲಿ ಎದುರುಮನೆಯ ಟೈಲರಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದಳು. ಅವಳಿಗೆ ಯಾವ ಕಷ್ಟವನ್ನಾದರೂ ಅಳೆದು ನೋಡದಿದ್ದರೆ ಸಮಾಧಾನವಿಲ್ಲ. ಹಸುವಿನ ಸುತ್ತ ಟೇಪು ಸುತ್ತಿ ಅಳತೆ ಹೇಳಿದಳು. ಕಂಡಕ್ಟರು ಉಜ್ಜಿ ಮುಗಿಸಿದ ಮೇಲೆ ಮತ್ತೆ ಅಳೆದು, ಇನ್ನೂ ಜಾಸ್ತಿಯಾಗಿದೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಸಾರಿದಳು.

ಸಾಹೇಬರು ದನದ ಡಾಕ್ಟರಿಗೆ ಫೋನು ಮಾಡಿದರು. ಡಾಕ್ಟರು ಬೇರೆಲ್ಲೋ ಎಮ್ಮೆಯ ಹೆರಿಗೆ ಮಾಡಿಸುತ್ತಿದ್ದರು. ಏನು ತಿನ್ನಿಸಿದಿರಿ ಎಂದು ಕೇಳಿದ್ದಕ್ಕೆ ಸಾಹೇಬರು, ಹುಲ್ಲು ಸಾರ್, ಬರೀ ಹುಲ್ಲು ಎಂದರು. ಸಾಯುತ್ತಿರುವ ಹಸುವಿನ ಮುಂದೆ ನಿಂತೂ ಸುಳ್ಳು ಹೇಳಬಲ್ಲ ಪ್ರತಿಭೆ ಅದು. ಖಾಲಿ ಮೂಟೆಯನ್ನು ಕಂಡಿದ್ದ ಟೈಲರಮ್ಮ ಫೋನು ಕಿತ್ತುಕೊಂಡು, ಅಷ್ಟರಲ್ಲಿ ಸೇರಿದ್ದ ಬೀದಿಯವರಿಗೆಲ್ಲ ಕೇಳುವ ಹಾಗೆ ಸ್ಪೀಕರು ಹಾಕಿ, ಇದ್ದದ್ದು ಇದ್ದ ಹಾಗೆ ಹೇಳಿದಳು.

ಫೋನಿನಾಚೆ ಎಮ್ಮೆಯೂ ಡಾಕ್ಟರೂ ಒಟ್ಟಿಗೇ ಕೂಗಿದ ಹಾಗೆ ಕೇಳಿಸಿತು. "ರೀ, ಹಸು ಹೊಟ್ಟೆ ಅಂದ್ರೆ ಗೋಣಿಚೀಲ ಅಂದ್ಕೊಂಡ್ರಾ? ಅದರೊಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಅವಕ್ಕೆ ಹುಲ್ಲು ಅರಗಿಸಿ ಅಭ್ಯಾಸ. ದಿಢೀರ್ ಅಂತ ಕಾಳು ಸುರಿದ್ರೆ ಎಲ್ಲಾ ಹುಳಿಯಾಗಿ ಗ್ಯಾಸ್ ಕಟ್ಟತ್ತೆ. ಹುಲ್ಲು ಅಗಿದು ಮೆಲುಕು ಹಾಕಿದ್ರೆ ಜೊಲ್ಲು ಇಳಿದು ಆ ಹುಳಿ ಕಮ್ಮಿ ಆಗತ್ತೆ. ನೀವು ಆ ಹುಲ್ಲನ್ನೂ ಕಿತ್ಕೊಂಡಿದೀರಿ. ಹೊಸ ಮೇವು ನಿಧಾನಕ್ಕೆ ರೂಢಿ ಮಾಡಿಸ್ಬೇಕು ಅಂತ ಊರಿಗೆಲ್ಲ ಹೇಳ್ಕೊಂಡು ಮೂಟೆ ಮಾರೋರು ನೀವೇ ಅಲ್ವಾ?"

ಆಮೇಲೆ ಡಾಕ್ಟರು ಮಾಡಬೇಕಾದ್ದನ್ನು ಹೇಳಿದರು. ಬಾಯಿಗೆ ಅಡ್ಡಲಾಗಿ ಒಂದು ಕೋಲು ಕಟ್ಟಿ, ಅದನ್ನು ಅಗಿಯುತ್ತಾ ಜೊಲ್ಲು ಬರಲಿ. ಸ್ವಲ್ಪ ಸ್ವಲ್ಪವಾಗಿ ಎಣ್ಣೆ ಕುಡಿಸಿ. ಮುಂಗಾಲು ಎತ್ತರದಲ್ಲಿರುವ ಹಾಗೆ ನಿಲ್ಲಿಸಿ ಎಡಪಕ್ಕೆ ಉಜ್ಜಿ. ಎಮ್ಮೆ ಕರು ಹಾಕಿದ ಕೂಡಲೇ ಬರುತ್ತೇನೆ. ಎಡ ಎಂಬ ಮಾತು ಕೇಳಿ ಕಂಡಕ್ಟರು, ಅದನ್ನೇ ನಾನು ಆಗಿನಿಂದ ಹೇಳುತ್ತಿದ್ದೇನೆ ಎಂದರು.

ಎಣ್ಣೆ ಕುಡಿಸುವಾಗ ಹಸು ತಲೆ ಒದರಿತು. ಕಾಲು ಭಾಗ ಅದರ ಗಂಟಲಿಗೆ ಇಳಿಯಿತು, ಉಳಿದದ್ದು ಮ್ಯಾನೇಜರಿಗಾಗಿ ಇಸ್ತ್ರಿ ಮಾಡಿಸಿ ತೊಟ್ಟಿದ್ದ ಸಾಹೇಬರ ಬಿಳಿ ಅಂಗಿಯ ಮೇಲೆ ಹರಿಯಿತು. ಬೀದಿಯಲ್ಲಿ ಎತ್ತರದ ಜಾಗ ಎಂದರೆ ಕಂಡಕ್ಟರ ಮನೆಯ ಮುಂದೆ ಸ್ಕೂಟರು ಹತ್ತಿಸಲು ಮಾಡಿಸಿದ್ದ ಸಿಮೆಂಟಿನ ಇಳಿಜಾರು ಒಂದೇ. ಪರೋಪಕಾರದ ಹುಮ್ಮಸ್ಸಿನಲ್ಲಿದ್ದ ಕಂಡಕ್ಟರು ಹಸುವನ್ನು ತಾವೇ ನೂಕಿಕೊಂಡು ಹೋಗಿ ಅಲ್ಲಿ ಹತ್ತಿಸಿದರು. ಸ್ವಲ್ಪ ಹೊತ್ತಿಗೆ ಹಸು ಬಾಲ ಎತ್ತಿತು. ಹುಳಿ ನಾತದ ತೆಳ್ಳನೆಯ ಸಗಣಿ ಇಳಿಜಾರಿಗೂ, ಹಿಂದೆ ನಿಂತಿದ್ದ ಕಂಡಕ್ಟರ ಪಂಚೆಗೂ ಸಮಪಾಲಾಗಿ ಬಿತ್ತು. ಕಂಡಕ್ಟರ ಪರೋಪಕಾರ ಅಲ್ಲಿಗೆ ಮುಗಿಯಿತು. ಮ್ಯಾನೇಜರು ಬರಲಿ, ನಿನ್ನ ಬಂಡವಾಳವನ್ನೆಲ್ಲ ಬಿಚ್ಚಿಡುತ್ತೇನೆ ಎಂದು ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಹೇಳಬೇಡಿ, ಹೊಟ್ಟೆ ಮೇಲೆ ಹೊಡೆಯಬೇಡಿ ಎಂದು ಸಾಹೇಬರು ಎಣ್ಣೆಗೈ ಜೋಡಿಸುತ್ತಿರುವಾಗಲೇ ಕಾರು ಬಂದು ನಿಂತಿತು.

ಮ್ಯಾನೇಜರು ಇಳಿದರು. ಬಾಯಲ್ಲಿ ಕೋಲು ಕಚ್ಚಿಕೊಂಡು ಮುಂಗಾಲು ಮೇಲಿಟ್ಟು ನಿಂತ ಹಸುವನ್ನು ಒಂದು ಸುತ್ತು ನೋಡಿದರು. ಎಡಪಕ್ಕೆಯ ಎದುರು ನಿಂತು ಬೆರಳಿನಿಂದ ಒಮ್ಮೆ ತಟ್ಟಿದರು.

"ಇದು ನಮ್ಮ ಮೇವಿಂದಾನೇ?"

ಸಾಹೇಬರು ಹೌದು ಸಾರ್ ಎಂದರು. ಅವರು ಆ ದಿನ ಆಡಿದ ಮೊದಲ ನಿಜ ಅದು.

"ಬಾಯಿಗೆ ಕೋಲು ಯಾಕೆ?"

"ಇನ್ನೂ ಬೇಕು, ಇನ್ನೂ ಬೇಕು ಅನ್ನತ್ತೆ ಸಾರ್. ಎಷ್ಟು ಅಂತ ಹಾಕೋದು?"

ಕಂಡಕ್ಟರು ಬಾಯಿ ತೆರೆದರು. ಅದೇ ಹೊತ್ತಿಗೆ ಮ್ಯಾನೇಜರು, ಈ ಬೀದಿಯ ಹಸುಗಳಿಗೆಲ್ಲ ಕಂಪನಿಯಿಂದ ಒಂದೊಂದು ಮೂಟೆ ಬಿಟ್ಟಿ, ಹಿಂದೆಯೇ ಲಾರಿ ಬರುತ್ತಿದೆ ಎಂದರು. ಕಂಡಕ್ಟರ ತೆರೆದ ಬಾಯಿಂದ ಬೇರೆಯೇ ಮಾತು ಹೊರಟಿತು. ತಾವು ದಿನಾ ಕಣ್ಣಾರೆ ನೋಡುತ್ತಿದ್ದುದಾಗಿಯೂ, ಹಸು ದಿನದಿಂದ ದಿನಕ್ಕೆ ತುಂಬಿಕೊಳ್ಳುತ್ತಾ ಬಂದುದಾಗಿಯೂ, ಸಗಣಿ ಮೆತ್ತಿದ ಪಂಚೆಯಲ್ಲೇ ಸಾಕ್ಷಿ ನುಡಿದರು. ಟೈಲರಮ್ಮ ಟೇಪು ಹಿಡಿದು, ಅಳತೆ ನನ್ನ ಹತ್ತಿರ ಇದೆ ಎಂದಳು. ಮ್ಯಾನೇಜರು ಹಸುವಿನ ಎಡಗಡೆಯಿಂದ ಮಾತ್ರ ಫೋಟೋ ತೆಗೆದುಕೊಂಡರು. ಜನ ಲಾರಿ ಬರುವ ದಾರಿ ಕಾಯಲು ಬೀದಿಯ ತುದಿಗೆ ಓಡಿದರು.

ಸಾಹೇಬರು ಉಸಿರು ಬಿಡುವಷ್ಟರಲ್ಲಿ ಹಸುವೂ ಬಿಟ್ಟಿತು. ಮ್ಯಾನೇಜರ ಮುಖಕ್ಕೇ ನೇರವಾಗಿ, ಉದ್ದನೆಯ, ಹುಳಿಹುಳಿ ತೇಗು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೋಡನೋಡುತ್ತಿದ್ದಂತೆ ಎಡಪಕ್ಕೆ ಇಳಿದುಹೋಯಿತು. ಕೆಲಸ ಹೋಯಿತು ಎಂದು ಸಾಹೇಬರು ಅಲ್ಲೇ ಇಳಿಜಾರಿನ ಮೇಲೆ ಕುಸಿದು ಕೂತರು, ಎಲ್ಲಿ ಕೂತೆ ಎಂದು ನೋಡಿಕೊಳ್ಳದೆ.

ಮ್ಯಾನೇಜರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ಗಾಬರಿ ಯಾಕ್ರೀ? ಗ್ಯಾಸ್ ಅಂತ ಬಂದ ತಕ್ಷಣಾನೇ ಗೊತ್ತಾಯ್ತು ನಂಗೆ. ಹಸು ತೇಗಿದ್ರೇನು, ಫೋಟೋ ತೇಗಲ್ಲ."

ಸಾಹೇಬರಿಗೆ ಅರ್ಥವಾಗಲಿಲ್ಲ.

"ಬೇರೆಯವರೆಲ್ಲ ಹೇಳಿದ ಹಾಗೇ ಎರಡು ವಾರ ತಿನ್ನಿಸಿದಾರೆ. ಅವರ ಹಸುಗಳು ಆರೋಗ್ಯವಾಗಿವೆ. ಆರೋಗ್ಯ ಫೋಟೋದಲ್ಲಿ ಕಾಣಲ್ಲ. ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಮಾಡಿರೋದು ನೀವೊಬ್ರೇ. ಇವತ್ತಿಂದ ನಿಮ್ಮ ಕೆಲಸ ಕಾಯಂ. ಭಾನುವಾರ ನಮ್ಮ ಮಾಲೀಕರನ್ನ ಈ ಬೀದಿಗೆ ಕರ್ಕೊಂಡು ಬರ್ತೀನಿ. ಅಷ್ಟೂ ಹಸುಗಳು ಹೀಗೇ ನಿಂತಿರಬೇಕು. ಅವರು ಹೋದ್ಮೇಲೆ ಇಳಿಸ್ಕೊಳ್ಳಿ, ಅದೂ ನಿಮಗೆ ಬರತ್ತಲ್ಲ."

"ಸಾರ್, ಎಲ್ಲಾದ್ರೂ ಒಂದು ಸತ್ತುಗಿತ್ತು ಹೋದ್ರೆ?"

"ಅದಕ್ಕೇ ಕಾಯಂ ಮಾಡಿದ್ದು," ಎಂದರು ಮ್ಯಾನೇಜರು ತಾಳ್ಮೆಯಿಂದ. "ಹಂಗಾಮಿಯವರ ತಲೆಗೆ ಹೊಣೆ ಕಟ್ಟೋಕೆ ಕಂಪನಿ ನಿಯಮದಲ್ಲಿ ಅವಕಾಶ ಇಲ್ಲ."

ಲಾರಿ ಬಂತು. ಮೂಟೆ ಇಳಿಸುವುದೇ ತಡ, ಬೀದಿಯವರು ಒಬ್ಬರ ಮೇಲೊಬ್ಬರು ಬಿದ್ದು ಎಳೆದುಕೊಂಡರು. ಡಾಕ್ಟರು ಬೆಳಿಗ್ಗೆ ಬೈದದ್ದನ್ನು ಎಲ್ಲರೂ ಕೇಳಿದ್ದರು. ಆದರೆ ಬಿಟ್ಟಿ ಬಂದದ್ದರ ಮುಂದೆ ಡಾಕ್ಟರ ಮಾತು ಎಲ್ಲಿ ನಡೆಯುತ್ತದೆ? ಕಂಡಕ್ಟರು ಎಲ್ಲರಿಗಿಂತ ದೊಡ್ಡ ಮೂಟೆಯನ್ನು ತಬ್ಬಿಕೊಂಡು ಬಂದು ಸಾಹೇಬರ ಕಿವಿಯ ಹತ್ತಿರ ಬಗ್ಗಿದರು.

"ನಮ್ಮ ಹಸುದೂ ಫೋಟೋ ತೆಗೀತಾರಂತೆ. ಎಷ್ಟು ಹಾಕ್ಬೇಕು, ನಿಜ ಹೇಳಿ."

ಕಾರು ಹೊರಡಲು ಸಿದ್ಧವಾಗಿತ್ತು, ಆದರೆ ಕಿಟಕಿ ಇಳಿದೇ ಇತ್ತು. ಮ್ಯಾನೇಜರು ಇತ್ತಲೇ ನೋಡುತ್ತಿದ್ದರು. ಹಸುವಿನ ಹೊಟ್ಟೆಯ ಬಗ್ಗೆ ಸರಿಯಾದ ಉತ್ತರ ಸಾಹೇಬರಿಗೆ ಜೀವಮಾನದಲ್ಲಿ ಮೊದಲ ಸಲ ಗೊತ್ತಿತ್ತು.

"ಅದು ತಿಂದಷ್ಟೂ ಹಾಕಿ," ಎಂದರು ಕಾಯಂ ನೌಕರರು.

ಕಂಡಕ್ಟರು ಸಂತೋಷದಿಂದ ಅವರ ಕೈ ಕುಲುಕಿದರು. ಏನಾದರೂ ಹೆಚ್ಚುಕಡಿಮೆಯಾದರೆ ಬೇರೆಲ್ಲೂ ಹೋಗುವುದಿಲ್ಲ, ಎಷ್ಟು ಹೊತ್ತಿಗಾದರೂ ನಿಮ್ಮ ಬಾಗಿಲನ್ನೇ ತಟ್ಟುತ್ತೇವೆ ಎಂದು ಬೀದಿಯವರೆಲ್ಲರ ಪರವಾಗಿ ಮಾತು ಕೊಟ್ಟು, ಮೂಟೆ ಎಳೆದುಕೊಂಡು ಕೊಟ್ಟಿಗೆಯ ಕಡೆ ನಡೆದರು.