ಇಂಗ್ಲಿಷಿನಲ್ಲಿ ಋಣಿಯಾದ ಕಷ್ಟ

ಋಣ ತೀರಿಸುವುದು ಕಷ್ಟ ಅನ್ನುತ್ತಾರೆ. ನನಗೆ ಇಂಗ್ಲಿಷಿನಲ್ಲಿ 'ಋಣಿ' ಎಂದು ಹೇಳುವುದೇ ಕಷ್ಟ. ಹೇಳಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ.

ಅರ್ಜಿ

ಎಂಬತ್ತರ ದಶಕ. ತಮಿಳುನಾಡಿನ ತಿರುಪ್ಪೂರಿನ ಬನಿಯನ್ ಕಂಪೆನಿಯೊಂದರಲ್ಲಿ ಇಂಗ್ಲಿಷ್ ಕಾಗದ ಬರೆಯುವ ಕೆಲಸಕ್ಕೆ ಅರ್ಜಿ ಹಾಕಿದೆ. ಕೊನೆಯ ಸಾಲನ್ನು ಬಹಳ ಯೋಚಿಸಿ ಬರೆದಿದ್ದೆ. ಕಂಪೆನಿಯ ಯಜಮಾನರು, ಅಲ್ಲಿಯವರ ಬಾಯಲ್ಲಿ ಮೊದಲಾಳಿ, ನಮ್ಮ ಕನ್ನಡದವರೇ, ಇಂಗ್ಲಿಷ್ ಬಾರದು. ಆ ಸಾಲಿನ ಅರ್ಥ ಕೇಳಿದರು.

"ಸಾಯೋವರೆಗೂ ನಿಮಗೆ ಋಣಿ ಅಂತ."

"ಅಷ್ಟೊಂದು ಋಣವಾ? ಹಂಗಾದ್ರೆ ಭಾನುವಾರನೂ ಬಂದ್ಬಿಡು ತಂಬಿ."

ಆರು ತಿಂಗಳು ನೋಡುವುದು, ಇಂಗ್ಲಿಷ್ ಕೈಕೊಟ್ಟರೆ ಮನೆಗೆ ಕಳಿಸುವುದು ಎಂದೂ ಸೇರಿಸಿದರು.

ಕಾಫಿ

ಐದನೇ ತಿಂಗಳಲ್ಲಿ ವಿಲಾಯತಿ ಗಿರಾಕಿ ಖುದ್ದಾಗಿ ಬರುವ ಸುದ್ದಿ ಬಂತು. ನಾಲಿಗೆ ಪಳಗಲಿ ಎಂದು ಮನೆಯಲ್ಲೇ ಅಭ್ಯಾಸಕ್ಕಿಳಿದೆ. ಹೆಂಡತಿ ಕಾಫಿ ತಂದಾಗ ತಲೆಬಾಗಿ 'ಮಚ್ ಆಬ್ಲೈಜ್ಡ್' ಎಂದೆ. ಹಾಗಂದರೇನು ಎಂದಳು. ಕಾಫಿ ಕೊಟ್ಟು ದೊಡ್ಡ ಉಪಕಾರ ಮಾಡಿದೆ ಅಂತ, ಎಂದೆ.

"ನಾನೇನು ಪಕ್ಕದ ಮನೆಯವಳಾ? ಯಾಕೆ, ನಾಳೆಯಿಂದ ಕಾಫಿ ಬೇಡ್ವಾ?"

ನಾಳೆಯವರೆಗೂ ಕಾಯಬೇಕಾಗಲಿಲ್ಲ, ಅಂದು ಸಂಜೆಯೇ ಸಿಗಲಿಲ್ಲ.

ಗಿರಾಕಿ

ಕರೆಂಟು ಕೈಕೊಟ್ಟು ನಮ್ಮ ಸರಕು ತಡವಾಗಿತ್ತು. ಗಿರಾಕಿ ಬಂದದ್ದೇ ಆರ್ಡರ್ ರದ್ದು ಮಾಡಲು. ಇನ್ನೆರಡು ವಾರ ಗಡುವು ಕೇಳು, ಆರ್ಡರ್ ರದ್ದಾದರೆ ನೀನೂ ರದ್ದು ಎಂದರು ಮೊದಲಾಳಿ. ಹೆಂಡತಿಯ ಹತ್ತಿರ ಎಲ್ಲ ಹೇಳಿಕೊಂಡೆ.

ಹೋಟೆಲಿನ ಖಾರಕ್ಕೆ ಗಿರಾಕಿಯ ಹೊಟ್ಟೆ ಕೆಟ್ಟಿತ್ತು. ಅವನನ್ನೂ ಮೊದಲಾಳಿಯನ್ನೂ ಮನೆಗೆ ಕರೆತಂದೆ. ಹೆಂಡತಿ ಮೊಸರನ್ನ ಬಡಿಸಿದಳು. ಅದನ್ನು ತಿಂದ ಗಿರಾಕಿ, ಹೋದ ಜೀವ ಬಂದಂತಾಗಿ, ನಿಮಗೆ ನಾನು ಋಣಿ, ನನ್ನಿಂದೇನಾದರೂ ಆಗಬೇಕಿದ್ದರೆ ಹೇಳಿ, ಎಂದ.

ಅವನ ಮುಖ ಅರಳಿದ್ದು ನೋಡಿ ಮೊದಲಾಳಿ ನನ್ನ ತೊಡೆ ಚಿವುಟಿದರು. "ಕೇಳು!"

ನಾನು ಎದ್ದು ನಿಂತೆ. ಅವನ ಅಮೂಲ್ಯ ಸಮಯ ಹಾಳುಮಾಡಿದ್ದಕ್ಕೆ ಕ್ಷಮೆ ಕೇಳಿದೆ, ದೊಡ್ಡ ಮನಸ್ಸನ್ನು ಹೊಗಳಿದೆ, ನಾನೂ ನನ್ನ ಸಂತತಿಯೂ ಚಿರಋಣಿಗಳಾಗುವೆವು ಎಂದೆ. ಸರಕಿನ ಮಾತಿಗೆ ಬರುವಷ್ಟರಲ್ಲಿ ಅವನು ಎರಡು ಸಲ ಆಕಳಿಸಿದ್ದ.

ಹೆಂಡತಿಗೆ ತಡೆಯಲಾಗಲಿಲ್ಲ. ಗೋಡೆಯ ಕ್ಯಾಲೆಂಡರ್ ತಂದು ಅವನ ಮುಂದಿಟ್ಟಳು. ಗಡುವಿನ ದಿನದ ಮೇಲೆ ಬೆರಳಿಟ್ಟು, ವಾರಕ್ಕೊಂದರಂತೆ ಎರಡು ಸಾಲು ಕೆಳಗೆ ಜಾರಿಸಿದಳು. ಎಲೆಗೆ ಇನ್ನೊಂದು ಸೌಟು ಮೊಸರನ್ನ ಹಾಕಿದಳು.

ಅವನು ನಕ್ಕು "ಯೆಸ್" ಎಂದ.

ಹೊರಡುವಾಗ ಮೊದಲಾಳಿ ನನ್ನನ್ನು ಬಾಗಿಲ ಹತ್ತಿರ ಕರೆದರು. "ನಿನ್ನ ಕೆಲಸ ಉಳೀತು ತಂಬಿ. ಆದ್ರೆ ಇನ್ಮೇಲೆ ಯಾವ ಕಾಗದ ಬರೆದ್ರೂ ಮನೇಲಿ ತೋರಿಸಿ, ಒಪ್ಪಿಗೆ ತಗೊಂಡು ಬಾ."

"ಅವಳಿಗೆ ಇಂಗ್ಲಿಷೇ ಬರಲ್ಲ ಮೊದಲಾಳಿ."

"ಅದಕ್ಕೇ ಹೇಳಿದ್ದು."