ಖಾರದ ಪುಡಿಯಲ್ಲಿ ಕಬ್ಬಿಣ

ಸಂಡೂರಿನ ಗಣಿಯೊಂದರ ಲ್ಯಾಬಿನಲ್ಲಿ ನಾನು ಕೆಮಿಸ್ಟ್. ಹೊಸಪೇಟೆಯ ರಸ್ತೆಯುದ್ದಕ್ಕೂ ಅದಿರು ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ ಅದು. ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ನಾನು ಬರೆದುಕೊಟ್ಟರೆ ಅದೇ ಅಂತಿಮ. ಇಂಥ ನನಗೇ ಒಂದು ಕಿರಾಣಿ ಅಂಗಡಿ ಮೋಸ ಮಾಡುವುದೇ?

ಅಂದು ಊಟಕ್ಕೆ ಕೂತಾಗ ಸಾರು ಕೆಂಪಗೆ ಹೊಳೆಯುತ್ತಿತ್ತು, ಖಾರ ಮಾತ್ರ ಇರಲಿಲ್ಲ.

"ಇದರಾಗ ಇಟ್ಟಿಗಿ ಪುಡಿ ಐತಿ," ಎಂದೆ.

"ಶರಣಪ್ಪನವರ ಅಂಗಡೀದ್ರಿ ಅದು. ಹದಿನೈದು ವರ್ಷದಿಂದ ತಿನ್ನಾಕತ್ತೀವಿ," ಎಂದಳು ಹೆಂಡತಿ ಗಿರಿಜಾ.

"ಹದಿನೈದು ವರ್ಷದಿಂದ ಇಟ್ಟಿಗಿ ತಿಂದೀವಿ ಅನ್ನು."

ಮರುದಿನ ಪುಡಿಯನ್ನು ಲ್ಯಾಬಿಗೆ ಒಯ್ದೆ. ಶಾಸ್ತ್ರೋಕ್ತವಾಗಿ ಇನ್ನಷ್ಟು ನುಣ್ಣಗೆ ಅರೆದು, ಸುಟ್ಟು ಬೂದಿ ಮಾಡಿ, ಆಮ್ಲದಲ್ಲಿ ಕರಗಿಸಿ, ಕಬ್ಬಿಣ ಪತ್ತೆಹಚ್ಚುವ ದ್ರಾವಣ ಹಾಕಿದೆ. ಬೀಕರಿನ ತುಂಬ ರಕ್ತದ ಬಣ್ಣ! ಇಟ್ಟಿಗೆಯಲ್ಲಿ ಒಂದಿಷ್ಟು ಕಬ್ಬಿಣ ಇರುತ್ತದೆ, ನಿಜ. ಇದರಲ್ಲಿ ರಫ್ತು ಮಾಡುವಷ್ಟಿತ್ತು.

ಸಂಜೆ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ವರದಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಒಬ್ಬೊಬ್ಬರೇ ಖಾರದ ಪುಡಿಯ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಹೊರಟರು. ಶರಣಪ್ಪನವರ ಮುಖ ಬಿಳಿಚಿಕೊಂಡಿತು.

"ಸರ್, ನಮ್ಮಪ್ಪ ಹಾಕಿದ ಅಂಗಡಿ ಇದು. ಇನ್ನ ಊರಾಗ ಹೆಂಗ ತಲಿ ಎತ್ತಲಿ?"

ವರದಿಯನ್ನು ಮಡಚಿ ಜೇಬಿಗಿಟ್ಟು ಹೊರಟೆ. ವಿಜ್ಞಾನ ಮಾತಾಡಿಯಾಗಿತ್ತಲ್ಲ!

ಮನೆಗೆ ಬಂದು ಗಿರಿಜಾಳಿಗೆ ನನ್ನ ಸಾಹಸವನ್ನು ಸವಿಸ್ತಾರವಾಗಿ ಬಣ್ಣಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಎದರಾಗ ಅರದ್ರಿ?"

"ಲ್ಯಾಬಿನ ಮಷೀನಿನಾಗ."

"ಅದಿರು ಅರೀತೀರಲ್ಲ, ಅದರಾಗಾ?"

ಆ ಮಷೀನಿನೊಳಗೆ ಸದಾ ಅದಿರಿನ ಧೂಳು ಮೆತ್ತಿರುತ್ತದೆಂಬುದು ನನಗೆ ಹೊಳೆದದ್ದೇ ಆಗ.

"ಮತ್ತ ಖಾರ ಯಾಕಿಲ್ಲ?" ಎಂದೆ, ಕೊನೆಯ ಆಸೆಯಿಂದ.

"ಖಾರ ತಿಂದ್ರ ನಿಮಗ ಹೊಟ್ಟಿ ಉರೀತೈತಿ ಅಂತ ಈ ಸಲ ಬ್ಯಾಡಗಿ ಮೆಣಸಿನಕಾಯಿ ಪುಡಿ ತಂದೀನ್ರಿ. ಅದು ಬಣ್ಣ ಭಾಳ, ಖಾರ ಕಮ್ಮಿ."

ಮರುದಿನ ಅದೇ ಪುಡಿಯನ್ನು ಅರೆಯದೆ ಪರೀಕ್ಷಿಸಿದೆ. ಬೀಕರು ಕೆಂಪಾಗಲಿಲ್ಲ. ಕೆಂಪಾದದ್ದು ನನ್ನ ಮುಖ.

ನಾಚಿಕೆಯಿಂದ ಕುಗ್ಗಿ ಅಂಗಡಿಗೆ ಹೋಗಿ ಕೈ ಮುಗಿದು ನಡೆದದ್ದನ್ನೆಲ್ಲ ಹೇಳಿದೆ. ಶರಣಪ್ಪನವರು ಬೈಯಲಿಲ್ಲ. ಬಾಗಿಲ ಬಳಿ ಒಂದು ಸ್ಟೂಲು ಹಾಕಿ, "ಕುಂದ್ರಿ ಸರ್. ನನಗ ಹೇಳಿದ್ದನ್ನ ಬಂದೋರಿಗೆಲ್ಲ ಹೇಳ್ರಿ," ಎಂದರು. ಬಂದವರಿಗೆಲ್ಲ ನನ್ನ ದಡ್ಡತನವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದೆ. ಜನ ಹೊಟ್ಟೆ ಹಿಡಿದು ನಕ್ಕರು, ಪೊಟ್ಟಣ ಕೊಂಡರು. ಅಂಗಡಿ ಮುಚ್ಚುವ ಹೊತ್ತಿಗೆ ಖಾರದ ಪುಡಿ ಪೂರ್ತಿ ಖಾಲಿ.

ನಾನು ಎದ್ದು ಹೊರಟಾಗ ಶರಣಪ್ಪನವರು ಸ್ಟೂಲನ್ನು ಜೋಪಾನವಾಗಿ ಒಳಗಿಟ್ಟರು.

"ನಾಳಿ ಅರಿಶಿಣ ಪುಡಿ ಬರತೈತಿ ಸರ್. ಸ್ವಲ್ಪ ಜಲ್ದಿ ಬರ್ರಿ."