ಗಿರಿಜಾಬಾಯಿಯ ಎತ್ತುಗಳು ಮೇದ ಹುಲ್ಲು

ಕರಿಮಣ್ಣಿನ ನಿಲಂಗಾದಲ್ಲಿ ಹುಲ್ಲು ಕೀಳುವವರೇ ಎಲ್ಲ, ಬೆಳೆಸುವವನು ತಾನೊಬ್ಬನೇ ಎಂದು ತಹಶೀಲ ಕಚೇರಿಯಲ್ಲಿ ಕಡತ ಮಂಡಿಸುವ ಪೇಶಕಾರ ಕಲ್ಯಾಣಪ್ಪನಿಗೆ ಭಾರೀ ಹೆಮ್ಮೆ. ಹೊಸ ತಹಶೀಲದಾರ ಸಾಹೇಬರ ಬಂಗಲೆಯ ಮುಂದಿನ ಹುಲ್ಲುಹಾಸು ಕಂಡ ದಿನವೇ ತನ್ನ ಅಂಗಳಕ್ಕೂ ಒಂದು ಬೇಕೆಂದು ಹಟ ತೊಟ್ಟು, ಬೇಸಿಗೆಯುದ್ದಕ್ಕೂ ಬಾವಿಯ ನೀರು ಹಾಕಿ ಕರಿಕೆ ಹುಲ್ಲು ಬೆಳೆಸಿದ. ಅದನ್ನು ತುಳಿಯಬಾರದೆಂದು ಮನೆಯವರೆಲ್ಲ ಹಿತ್ತಲ ಬಾಗಿಲಿನಿಂದಲೇ ಓಡಾಡಬೇಕೆಂಬ ಹುಕುಂ ಹೊರಡಿಸಿದ. ಬರುವ ವಾರ ಹುಲ್ಲಿನ ಮೇಲೇ ಕುರ್ಚಿ ಹಾಕಿ ಚಹಾ ಕೊಡುತ್ತೇನೆಂದು, ಇಡೀ ಕಚೇರಿ ಕೇಳುವಂತೆ ಸಾಹೇಬರನ್ನು ಕರೆದೂ ಬಿಟ್ಟ.

ಕರೆದ ಮರುದಿನವೇ ಹುಲ್ಲು ಒಂದು ಮೂಲೆಯಿಂದ ಹಳದಿಗೆ ತಿರುಗತೊಡಗಿತು.

ಉದಗೀರದಲ್ಲಿ ಸರಕಾರಿ ತೋಟ ನೋಡಿಕೊಳ್ಳುತ್ತಿದ್ದ ನೆಂಟ ರೇವಣಪ್ಪನನ್ನು ಕಾರಣ ಕೇಳಿದರೆ, ಮಣ್ಣು ಪರೀಕ್ಷೆ ಮಾಡದೆ ತಾನು ಬಾಯಿ ಬಿಡುವುದಿಲ್ಲವೆಂದು ಹೇಳಿಕಳಿಸಿದ. ನಾಲ್ಕೂ ಮೂಲೆಯ ಮಣ್ಣು ಅಗೆದು, ಹರಳು ಆರಿಸಿ, ಜರಡಿ ಹಿಡಿದು, ಬೇರೆ ಬೇರೆಯಾಗಿ ಒಣಗಿಸಿ ತರಬೇಕು. ಮನೆಗೆಲಸಕ್ಕೆ ಎಂದೂ ಸೊಂಟ ಬಗ್ಗಿಸದ ಪೇಶಕಾರ ನೆಲಕ್ಕೆ ಕೂತು ಇದಷ್ಟನ್ನೂ ಮಾಡಿದ. ಹೆಂಡತಿ ಗಿರಿಜಾಬಾಯಿ ಹಿಟ್ಟು ಕಲಸುವ ಪರಾತಗಳಲ್ಲೇ ಮಣ್ಣು ಹರವಿ ಪಡಸಾಲೆಯಲ್ಲಿಟ್ಟ. ಯಾರೂ ಮುಟ್ಟಬಾರದೆಂದು ಹೇಳುವುದೊಂದನ್ನು ಮರೆತು ಕಚೇರಿಗೆ ಹೋದ.

ಸಂಜೆ ಹಿತ್ತಲಿನಿಂದ ಒಳಗೆ ಬಂದರೆ ಪರಾತಗಳು ತೊಳೆದು ಬೋರಲು ಬಿದ್ದಿದ್ದವು.

"ಇದರಾಗಿನ ಮಣ್ಣೆಲ್ಲಿ?"

"ಅಲ್ಲೇ ಅದಲ್ರೀ, ಜಗಲಿ ಮ್ಯಾಲ."

ದೇವರ ಜಗಲಿಯ ಮೇಲೆ ಗೇಣೆತ್ತರದ ಎರಡು ಎತ್ತುಗಳು ನಿಂತಿದ್ದವು. ಕೊಂಬಿಗೆ ಅರಿಶಿನ, ಹಣೆಗೆ ವಿಭೂತಿ, ಮುಂದೆ ಮೇವು ಹಾಕುವ ಮಣ್ಣಿನ ಗ್ವಾದಲಿ. ಅಂದು ಮನೆಮನೆಯಲ್ಲೂ ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ ಎಂಬುದು ಕಲ್ಯಾಣಪ್ಪನಿಗೆ ಆಗ ನೆನಪಾಯಿತು.

"ಅದು ಪರೀಕ್ಷಾಕ ಇಟ್ಟ ಮಣ್ಣಾಗಿತ್ತು."

"ನನಗ್ಹ್ಯಾಂಗ ಗೊತ್ತಾಗಬೇಕ್ರೀ? ವರ್ಷಾ ಬಡ್ಕೊಂಡ್ರೂ ಹಿಡಿ ಮಣ್ಣ ತರವಲ್ರಿ. ಈ ಸಲ ಕೇಳದೇನೇ ತಂದು, ಜರಡಿ ಬ್ಯಾರೆ ಹಿಡ್ದೀರಿ. ನಮ್ಮನಿಯವರಿಗಿ ಬುದ್ಧಿ ಬಂತಂತ ಓಣಿ ತುಂಬಾ ಹೇಳ್ಕೊಂಡ ಬಂದೀನಿ."

ಯಾವ ಮೂಲೆಯ ಮಣ್ಣು ಯಾವ ಕಾಲಿಗೆ ಹೋಯಿತೆಂದು ಕಲ್ಯಾಣಪ್ಪ ಹಲ್ಲು ಕಚ್ಚಿ ಕೇಳಿದ. ಎಲ್ಲ ಕೂಡಿಸಿ ಕಲಸಿದೆನೆಂದಳು. ಪರೀಕ್ಷೆಗೆ ಒಂದು ಕಿವಿಯಾದರೂ ಮುರಿದುಕೊಳ್ಳಲೇ ಎಂದ. ಪೂಜೆಯಾದ ಎತ್ತಿನ ಕಿವಿ ಮುರಿದವರು ರಾತ್ರಿಯ ಊಟ ಬೇರೆಲ್ಲಾದರೂ ನೋಡಿಕೊಳ್ಳಬೇಕೆಂದಳು.

ಮಣ್ಣು ಮತ್ತೆ ಅಗೆದರಾಯಿತು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅವನ ಕಣ್ಣು ಗ್ವಾದಲಿಯೊಳಗಿನ ಹಸಿರಿನ ಮೇಲೆ ಬಿತ್ತು.

"ಈ ಮೇವು?"

"ಮಳಿ ಬರೂತನಾ ಊರಾಗ ಮತ್ತೆಲ್ಲದ ರೀ ಹಸರು? ಬಾಜೂಮನಿ ಶೇವಂತಾಬಾಯಿ ಬಂದು ಕೇಳಿದ್ಳು, ಕೊಟ್ಟೆ. ಒಬ್ಬಾಕಿಗಿ ಕೊಟ್ಟು ಇನ್ನೊಬ್ಬಾಕಿಗಿ ಹ್ಯಾಂಗ ಇಲ್ಲನ್ಲಿ? ಹಬ್ಬದ ದಿನ ಓಣ್ಯಾಗಿನ ಎತ್ತು ಉಪವಾಸ ಇಡ್ಲೇನು?"

ಕಲ್ಯಾಣಪ್ಪ ತಿಂಗಳುಗಳಿಂದ ಮುಚ್ಚಿದ್ದ ಮುಂಬಾಗಿಲು ತೆರೆದ. ಅಂಗಳ ಹರಗಿದ ಹೊಲದಂತೆ ಕಪ್ಪಗೆ ಮಲಗಿತ್ತು. ಅದರಾಚೆ, ಸಂಜೆಯ ಸವಾರಿಗೆ ಹೊರಟ ತಹಶೀಲದಾರ ಸಾಹೇಬರು, ಕಚೇರಿಯಲ್ಲಿ ಹೊಗಳಿಕೆ ಕೇಳಿದ್ದ ಹುಲ್ಲನ್ನು ಒಮ್ಮೆ ನೋಡಿಯೇ ಹೋಗೋಣವೆಂದು ಕುದುರೆಯಿಂದ ಇಳಿಯುತ್ತಿದ್ದರು.

ಹುಲ್ಲೆಲ್ಲಿ ಎಂದು ಕೇಳಿದರು.

"ಎತ್ತು ಮೇದವು, ಹುಜೂರ್."

ಎಂಥ ಎತ್ತು, ತೋರಿಸಿ ಎಂದರು. ಬೇರೆ ದಾರಿಯಿಲ್ಲದೆ ಕಲ್ಯಾಣಪ್ಪ ಬಾಗಿಲಿನಿಂದಲೇ ಜಗಲಿಯ ಕಡೆ ಕೈಮಾಡಿದ. ಸಾಹೇಬರು ಗೇಣೆತ್ತರದ ಎತ್ತುಗಳನ್ನೂ ಬೋಳು ಅಂಗಳವನ್ನೂ ಪೇಶಕಾರನ ಮುಖವನ್ನೂ ಸರದಿಯಂತೆ ನೋಡಿದರು. ಮರಳಿ ಕುದುರೆಯೇರಿ, ಲಗಾಮು ಹಿಡಿದು, ತಮ್ಮ ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು:

"ಪೇಶಕಾರ್ ಸಾಬ್, ಇವನ್ನು ಭದ್ರವಾಗಿ ಕಟ್ಟಿಹಾಕಿ. ನನ್ನ ಬಂಗಲೆ ಇಲ್ಲಿಂದ ದೂರವಿಲ್ಲ."